ಎರಡೇ ಸೀಟಿನ ಬದುಕು

"ನಾನು ಸತ್ರೆ ಹೆಗಲ ಮೇಲೆ ಹೊತ್ಕೊಂಡು ಹೋಗಿ. ಇವನು ಕೈಹಾಕಿದ ಗಾಡೀಲಿ ಮಾತ್ರ ನನ್ನ ಹೆಣಾನೂ ಹಾಕ್ಬೇಡಿ."

ಡ್ರೈವರ್ ಮಾದಯ್ಯ ತನ್ನ ಮಗನ ಬಗ್ಗೆ ಈ ಮಾತು ಹೇಳಿದ್ದು ನಡುಬೀದಿಯಲ್ಲಿ. ಅದೂ ಬೆಳಗ್ಗೆ, ನಲ್ಲಿಯಲ್ಲಿ ನೀರು ಬರುವ ಹೊತ್ತಿನಲ್ಲಿ. ಕೊಡ ಹಿಡಿದ ಹೆಂಗಸರೆಲ್ಲ ಅಲ್ಲೇ ಇದ್ದರು. ಎದುರು ಮನೆಯ ಜಗಲಿಯ ಮೇಲೆ ಫಾರೂಕ್ ಸಾಬರು ಪೇಪರ್ ಓದುತ್ತ ಕೂತಿದ್ದರು. ಮಾದಯ್ಯ ಓಡಿಸುತ್ತಿದ್ದ ಬಸ್ಸಿನಲ್ಲೇ ಅವರು ಕಂಡಕ್ಟರ್ ಆಗಿದ್ದವರು. ಮಾತು ಎಲ್ಲರಿಗೂ ಕೇಳಿಸಿತು. ಒಬ್ಬಳು ನಕ್ಕಳು, ಆಮೇಲೆ ಇನ್ನೂ ನಾಲ್ಕು ಜನ ನಕ್ಕರು. ಸಾಬರು ಮಾತ್ರ ಪೇಪರಿನಿಂದ ಮುಖ ಎತ್ತಲಿಲ್ಲ.

ಮಗ ನಂಜುಂಡ ಬಗ್ಗಿ ಹಗ್ಗ ಬಿಚ್ಚುತ್ತಿದ್ದ. ಹಗ್ಗದ ಒಂದು ತುದಿ ಬಾಡಿಗೆ ಟೆಂಪೊಗೆ ಕಟ್ಟಿತ್ತು. ಇನ್ನೊಂದು ತುದಿಯಲ್ಲಿ ನಾನಿದ್ದೆ. ಅವನ ಕಿವಿ ಕೆಂಪಗಾದದ್ದನ್ನು ಅಷ್ಟು ಹತ್ತಿರದಿಂದ ಕಂಡದ್ದು ನಾನೊಬ್ಬನೇ. ಗಂಟು ಬಿಚ್ಚಲಾಗದೆ ಅವನು ಹಗ್ಗವನ್ನು ಕತ್ತಿಯಿಂದ ಕತ್ತರಿಸಿ ಎಸೆದ. ಆಮೇಲೆ ಯಾರ ಸಹಾಯವನ್ನೂ ಕೇಳದೆ ಹೆಗಲು ಕೊಟ್ಟು ನನ್ನನ್ನು ಮನೆಯ ಪಕ್ಕದ ಸಂದಿಗೆ ತಳ್ಳಿಕೊಂಡು ಹೋದ. ಕೊಡದ ಸಾಲಿನಲ್ಲಿದ್ದ ನಗು ಸಂದಿಯ ಕೊನೆಯವರೆಗೂ ನಮ್ಮ ಹಿಂದೆ ಬಂತು.

ನಾನು ಒಂದು ಕಾರು. ಎರಡೇ ಸೀಟಿನ ಕಾರು. ನನ್ನ ಊರು ಇಂಗ್ಲೆಂಡು. ಅಲ್ಲಿನ ಒಂದು ಪುಟ್ಟ ಪಟ್ಟಣದಲ್ಲಿ ನನ್ನನ್ನು ಕೂಡಿಸಿದರು. ಕಾರು ಅಂದರೆ ಪೂರಾ ಕಬ್ಬಿಣ ಅಂತ ಜನ ತಿಳಿದಿದ್ದಾರೆ. ನನ್ನ ಒಳಗಿರುವುದು ಮರ. ಮೊದಲು ಬಡಗಿಗಳು ಮರದ ಚೌಕಟ್ಟು ಕಟ್ಟಿದರು, ಆಮೇಲೆ ತಗಡಿನವರು ಅದರ ಮೇಲೆ ತಗಡು ಹೊದಿಸಿ ಮೊಳೆ ಹೊಡೆದರು. ಎತ್ತಿನ ಗಾಡಿಗೂ ನನಗೂ ದೂರದ ನಂಟಿದೆ. ಉದ್ದನೆಯ ಮೂತಿ, ತಂತಿ ಕಡ್ಡಿಗಳ ಗಾಲಿ, ಕೂತವನು ಮೊಣಕೈಯನ್ನು ಹೊರಗೆ ಚಾಚುವಷ್ಟು ತಗ್ಗಿದ ಬಾಗಿಲು. ತಲೆಯ ಮೇಲೆ ಸೂರಿಲ್ಲ, ಮಳೆ ಬಂದರೆ ಎಳೆದುಕೊಳ್ಳಲು ಒಂದು ಕ್ಯಾನ್ವಾಸು, ಅಷ್ಟೆ. ಸಂಸಾರ ಹೇರಿಕೊಂಡು ಹೋಗಲು ನಾನು ಬರುವುದಿಲ್ಲ. ಅಕ್ಕಿ ಮೂಟೆ ಇಡಲು ಜಾಗವಿಲ್ಲ. ನನ್ನನ್ನು ಮಾಡಿದ್ದೇ ಖುಷಿಗೆ. ಇದು ಹುಟ್ಟಿನಿಂದ ಬಂದ ದೋಷ. ಖುಷಿಗೆಂದು ಹುಟ್ಟಿದ್ದನ್ನು ಈ ಬೀದಿಗಳಲ್ಲಿ ಯಾರೂ ನಂಬುವುದಿಲ್ಲ. ಏನಕ್ಕೆ ಬರುತ್ತೆ ಇದು ಅಂತ ಕೇಳುತ್ತಾರೆ. ನಂಜುಂಡನ ಬಗ್ಗೆಯೂ ಚಿಕ್ಕಂದಿನಿಂದ ಹಾಗೇ ಕೇಳುತ್ತಿದ್ದರಂತೆ.

ಹಡಗಿನಲ್ಲಿ ಮದ್ರಾಸಿಗೆ, ಅಲ್ಲಿಂದ ರೈಲಿನಲ್ಲಿ ಮೈಸೂರಿಗೆ ನನ್ನನ್ನು ತಂದವನು ಒಬ್ಬ ಇಂಗ್ಲಿಷ್ ಡಾಕ್ಟರ್. ಅವನಿಗೆ ನಾನು ಸಂಜೆಯ ಗೆಳೆಯ. ಲಲಿತಾದ್ರಿಯ ಕಡೆಯ ಖಾಲಿ ರಸ್ತೆಯಲ್ಲಿ ಟೋಪಿ ಹಾರಿಹೋಗುವಂತೆ ಓಡಿಸುತ್ತಿದ್ದ. ಕೆಟ್ಟರೆ ಮೆಕ್ಯಾನಿಕ್ಕಿಗೆ ಬೈಯುತ್ತಿದ್ದ, ನನಗಲ್ಲ. ಊರಿಗೆ ವಾಪಸ್ಸು ಹೊರಟಾಗ ತನ್ನ ಕೈಕೆಳಗಿದ್ದ ಡಾಕ್ಟರ್ ಗೋಪಾಲರಾಜೇ ಅರಸ್‌ಗೆ ನನ್ನನ್ನು ಒಪ್ಪಿಸಿದ. ಅರಸ್ ನನ್ನನ್ನು ಓಡಿಸಿದ್ದಕ್ಕಿಂತ ಒರೆಸಿದ್ದೇ ಹೆಚ್ಚು. ಭಾನುವಾರ ಆಯಿತೆಂದರೆ ಹಳೇ ಪಂಚೆ ಸುತ್ತಿಕೊಂಡು ನನ್ನ ಬಾನೆಟ್ ಎತ್ತುತ್ತಿದ್ದ. ರೋಗಿಯ ಎದೆಗೆ ಇಡುವ ಸ್ಟೆತಾಸ್ಕೋಪನ್ನು ನನ್ನ ಇಂಜಿನ್ನಿಗೂ ಇಟ್ಟು ಕೇಳುತ್ತಿದ್ದ. ಅವನ ಹೆಂಡತಿ ಸುಭದ್ರಮ್ಮಣ್ಣಿ ವರಾಂಡದಲ್ಲಿ ಕೂತು, ಆಸ್ಪತ್ರೆಗಿಂತ ಇದಕ್ಕೇ ಜಾಸ್ತಿ ಹೊತ್ತು ಕೊಡ್ತೀರಿ ಅಂತ ರೇಗಿಸುತ್ತಿದ್ದರು.

ಅರಸ್ ತೀರಿಹೋದ ಮೇಲೆ ಆಕೆ ನನ್ನನ್ನು ಮಾರಲಿಲ್ಲ. ಮುಟ್ಟಲೂ ಇಲ್ಲ. ಶೆಡ್ಡಿನ ಬಾಗಿಲು ಮುಚ್ಚಿದರು. ಕಾಯುವುದು ಅಂದರೆ ಏನೆಂದು ನಾನು ಅಲ್ಲಿ ಕಲಿತೆ. ಇಲಿ ನನ್ನ ಸೀಟಿನಲ್ಲಿ ಮರಿ ಹಾಕಿತು. ಟೈರು ಹಪ್ಪಳದಂತೆ ಬಿರಿಯಿತು. ಹೊರಗಿನಿಂದ ನೋಡಿದರೆ ಕಾರಿನ ಹಾಗೇ ಇದ್ದೆ, ಒಳಗೆ ಗೆದ್ದಲು ನನ್ನನ್ನು ನಿಧಾನವಾಗಿ ಮಣ್ಣು ಮಾಡುತ್ತಿತ್ತು. ಸದ್ದು ಮಾಡದೆ ಸಾಯುವುದು ಹಾಗೆ. ಯಾರಿಗೂ ತೊಂದರೆ ಇಲ್ಲ.

ನಂಜುಂಡ ಆ ಮನೆಗೆ ಬಂದದ್ದು ಬೋರಿನ ಮೋಟಾರ್ ರಿಪೇರಿಗೆ. ಉಗುರಿನ ಸಂದಿಯಲ್ಲಿ ಗ್ರೀಸು, ಹಣೆಯ ಮೇಲೆ ಸದಾ ಒಂದು ಗಂಟು. ಹಗ್ಗ ಹುಡುಕುತ್ತ ಶೆಡ್ಡಿನ ಬಾಗಿಲು ತಳ್ಳಿದ. ನನ್ನನ್ನು ಕಂಡು ಅಲ್ಲೇ ನಿಂತ. ಮೋಟಾರ್ ಮರೆತ. ಧೂಳಿನ ಮೇಲೆ ಅಂಗೈ ಎಳೆದು ನನ್ನ ಬಣ್ಣ ಏನೆಂದು ನೋಡಿದ. ಹಸಿರು. ಅಷ್ಟು ವರ್ಷದಲ್ಲಿ ನನ್ನನ್ನು ಮುಟ್ಟಿದ ಮೊದಲ ಕೈ ಅದು.

ಮುದುಕಮ್ಮನಿಗೆ ಶೆಡ್ಡು ಕೆಡವಿಸುವುದಿತ್ತು. ಹಾವು ಬರುತ್ತೆ ಅಂತ ಅಕ್ಕಪಕ್ಕದವರ ದೂರು. ಇದನ್ನು ಏನು ಮಾಡ್ತೀರಮ್ಮ ಅಂತ ಅವನು ಕೇಳಿದ. ಗುಜರಿಗೆ ಅಂದರು. ಅವನ ಹಣೆಯ ಗಂಟು ಇನ್ನೂ ಬಿಗಿಯಾಯಿತು. ಆಕೆ ಬಹಳ ಹೊತ್ತು ಅವನ ಕೈಗಳನ್ನೇ ನೋಡಿ, ಹಾಗಾದ್ರೆ ನೀನೇ ತಗೊಂಡ್ಹೋಗಪ್ಪ, ಆದ್ರೆ ಒರೆಸ್ತಿರ್ಬೇಕು, ಅಂದರು. ಕಾಗದಪತ್ರಕ್ಕೆ ಸಹಿ ಹಾಕುವಾಗ ಕಣ್ಣು ಒರೆಸಿಕೊಂಡರು.

ಹಾಗೆ ನಾನು ಮಾದಯ್ಯನ ಮನೆಯ ಪಕ್ಕದ ಸಂದಿಗೆ ಬಂದೆ. ಬಂದ ದಿನವೇ ಆ ಮಾತು ಕೇಳಿಸಿಕೊಂಡೆ.

ಮಾದಯ್ಯ ಕೆಟ್ಟವನಲ್ಲ. ಇದನ್ನು ತಿಳಿಯಲು ನನಗೆ ಸಮಯ ಹಿಡಿಯಿತು. ಅವನು ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವನು. ಮೈಸೂರಿನಿಂದ ಊಟಿಯ ಘಾಟಿ ಹತ್ತಿ ಇಳಿದವನು. ಇಡೀ ಸರ್ವೀಸಿನಲ್ಲಿ ಒಂದು ಕೋಳಿಯನ್ನೂ ಗಾಲಿಗೆ ಸಿಕ್ಕಿಸದವನು. ಅದಕ್ಕೆ ಅವನಿಗೆ ಬೆಳ್ಳಿ ಪದಕ ಕೊಟ್ಟಿದ್ದರು. ಆ ಪದಕ ನಡುಮನೆಯ ಗೋಡೆಯಲ್ಲಿ ದೇವರ ಪಟದ ಪಕ್ಕದಲ್ಲೇ ಇತ್ತು. ಕಿಟಕಿಯಿಂದ ನನಗೆ ಕಾಣುತ್ತಿತ್ತು. ಅದರ ಗಾಜನ್ನು ಅವನೇ ಒರೆಸುತ್ತಿದ್ದ. ಸಕ್ಕರೆ ಕಾಯಿಲೆ ಬಂದು ಕೈಬೆರಳುಗಳಲ್ಲಿ ಸ್ಪರ್ಶ ಹೋದ ಮೇಲೆ ಸ್ಟೇರಿಂಗ್ ಬಿಟ್ಟ. ಕಣ್ಣು ಮಂಜು ಅಂತ ಹೊರಗೆ ಹೇಳಿದ್ದ. ಬೆರಳಿನ ವಿಷಯ ಹೆಂಡತಿಗೆ ಮಾತ್ರ ಗೊತ್ತಿತ್ತು. ಬೆಳಗ್ಗೆ ಸಂದಿಯಲ್ಲಿ ಮುಖ ತೊಳೆಯುವಾಗ ನೀರು ಬಿಸಿಯೋ ತಣ್ಣಗೋ ಅಂತ ಮೊಣಕೈ ಅದ್ದಿ ನೋಡುತ್ತಿದ್ದ. ಹಾಗಾಗಿ ನನಗೂ ಗೊತ್ತಾಯಿತು.

ಮಗನನ್ನು ಡಿಪೋ ವರ್ಕ್‌ಶಾಪಿನಲ್ಲಿ ಸೇರಿಸಲು ಅವನು ಯಾರ್ಯಾರ ಮುಂದೆಯೋ ಕೈಮುಗಿದಿದ್ದ. ನಂಜುಂಡ ಸೇರಿದ. ಒಂದು ದಿನ ಫೋರ್‌ಮನ್ ಏನೋ ಅಂದ ಅಂತ ಸ್ಪ್ಯಾನರ್ ಎಸೆದು ಎದ್ದು ಬಂದ. ಮಾದಯ್ಯ ಹೋಗಿ ಮತ್ತೆ ಕೈಮುಗಿದು, ತಪ್ಪಾಯಿತು ಅನ್ನಬೇಕಾಯಿತು. ಪದಕ ತಂದ ಡಿಪೋದಲ್ಲೇ ತಲೆ ತಗ್ಗಿಸಿ ನಿಂತ. ಅಂದಿನಿಂದ ಅಪ್ಪ ಮಗನ ಜೊತೆ ನೇರ ಮಾತಾಡಿದ್ದಿಲ್ಲ. ಅದಕ್ಕೂ ಮೊದಲೇ ಇಬ್ಬರ ನಡುವೆ ಒಂದು ಬಿರುಕು ಬಿದ್ದಿತ್ತು. ಒಂಬತ್ತನೇ ಕ್ಲಾಸಿನಲ್ಲಿ ಹುಡುಗ ಸ್ಕೂಲು ಬಿಟ್ಟಿದ್ದ. ಯಾಕೆ ಬಿಟ್ಟ ಅಂತ ಮನೆಯಲ್ಲಿ ಹೇಳಿರಲಿಲ್ಲ. ನನಗೆ ಹೇಳಿದ. ನನ್ನ ಹೊಟ್ಟೆಯ ಕೆಳಗೆ ಮಲಗಿ ತುಕ್ಕು ಹಿಡಿದ ಬೋಲ್ಟಿಗೆ ಬೈಯುವಾಗ ಅವನಿಗೆ ಹಳೆಯದೆಲ್ಲ ಬಾಯಿಗೆ ಬರುತ್ತಿತ್ತು. ಮೇಷ್ಟ್ರು ಇಡೀ ಕ್ಲಾಸಿನ ಮುಂದೆ ಅವನ ಅಪ್ಪನ ಖಾಕಿ ಅಂಗಿಯನ್ನು ಆಡಿಕೊಂಡು ನಗಿಸಿದರಂತೆ. ಚೀಲವನ್ನು ಬೆಂಚಿನ ಮೇಲೇ ಬಿಟ್ಟು ಬಂದನಂತೆ. ಬೋಲ್ಟು ಆಗ ಕಿತ್ತುಬಂತು.

ಅವನು ನನ್ನನ್ನು ಪೂರ್ತಿ ಬಿಚ್ಚಿದ. ಬಾಗಿಲು, ಬಾನೆಟ್ಟು, ಇಂಜಿನ್ನು, ಗಾಲಿ, ದೀಪ. ಸಂದಿಯಲ್ಲಿ ನಾನು ಅಷ್ಟುದ್ದಕ್ಕೂ ಹರಡಿಕೊಂಡಿದ್ದೆ. ಅವನ ತಾಯಿ ಚಿಕ್ಕತಾಯಮ್ಮ ಬಟ್ಟೆ ಒಣಹಾಕಲು ಹೋಗುವಾಗ ನನ್ನನ್ನು ದಾಟಿಕೊಂಡು ಹೋಗುತ್ತಿದ್ದಳು. ಕಾಲಿಗೆ ಸಿಕ್ಕಿದ್ದನ್ನೆಲ್ಲ ಎತ್ತಿ, ಇದು ಬೇಕೇನೋ, ಅಂತ ಕೇಳುತ್ತಿದ್ದಳು. ಎಲ್ಲವೂ ಬೇಕಾಗಿತ್ತು. ಅವಳ ಹಳೇ ಹತ್ತಿ ಸೀರೆಗಳು ನನ್ನ ಒರೆಸುವ ಬಟ್ಟೆಯಾದವು. ಬಟ್ಟೆ ಸೋಡಾ ಹಾಕಿ ಕುದಿಸಿದ ನೀರಿನಲ್ಲಿ ನನ್ನ ಇಂಜಿನ್ನಿನ ಜಿಡ್ಡು ಬಿಡಿಸಿದವಳೂ ಅವಳೇ. ಅನ್ನದ ಹಂಡೆ ಅದು ಅಂತ ಮಾದಯ್ಯ ಒಳಗಿನಿಂದ ಕೂಗಿದ. ಹೊಸ ಹಂಡೆ ತರ್ಸಿ, ಅಂದಳು.

ಬಗ್ಗುವುದು ನನಗೆ ಬರುವುದಿಲ್ಲ. ಈ ಊರಿನ ಸ್ಪ್ಯಾನರ್ ಯಾವುದೂ ನನ್ನ ನಟ್ಟಿಗೆ ಕೂರುವುದಿಲ್ಲ, ನನ್ನ ಅಳತೆಯೇ ಬೇರೆ. ಒಂದು ದೊಡ್ಡದು, ಇನ್ನೊಂದು ಚಿಕ್ಕದು. ಬಲವಂತ ಮಾಡಿದರೆ ನಟ್ಟಿನ ಮೂಲೆ ಸವೆದು ದುಂಡಗಾಗುತ್ತೆ. ನಂಜುಂಡ ಮೊದಲು ಬಲವಂತ ಮಾಡಿದ. ಎರಡು ನಟ್ಟು ಹಾಳಾದವು. ಮೂರನೆಯದರ ಮುಂದೆ ಸುಮ್ಮನೆ ಕೂತ. ಆಮೇಲೆ ಹಳೇ ಸ್ಪ್ಯಾನರ್‌ಗಳನ್ನು ತಂದು ಅರದಿಂದ ಉಜ್ಜಿ ಉಜ್ಜಿ ನನ್ನ ಅಳತೆಗೆ ತಂದ. ಕೋಪದ ಮನುಷ್ಯನಿಗೆ ಅರ ಹಿಡಿಯುವುದು ಒಳ್ಳೆಯದು. ಅದರಲ್ಲಿ ಅವಸರ ನಡೆಯುವುದಿಲ್ಲ.

ಬ್ಯಾಟರಿಯದ್ದೂ ಅದೇ ಕಥೆ. ಈ ಊರಿನ ಗಾಡಿಗಳಿಗೆಲ್ಲ ಮೈನಸ್ ತಂತಿ ಮೈಗೆ ಸೇರಿರುತ್ತೆ. ನನಗೆ ಪ್ಲಸ್. ಅವನು ಎಲ್ಲರ ಹಾಗೆ ಕೊಟ್ಟ. ಡ್ಯಾಶಿನ ಮೇಲಿನ ಮುಳ್ಳು ಉಲ್ಟಾ ವಾಲಿತು. ಹುಟ್ಟಿಸಿದವರಿಗೆಲ್ಲ ಸೇರಿಸಿ ಬೈದ, ಆಮೇಲೆ ಬದಲಿಸಿದ. ಮುಳ್ಳು ಸರಿಯಾಯಿತು. "ಎಲ್ಲಾ ಉಲ್ಟಾನೇ ಕಣವ್ವ ಇದರದ್ದು," ಅಂದ ತಾಯಿಗೆ. ಮೊದಲ ಸಲ ಅವನ ಹಲ್ಲು ಕಂಡೆ. "ನಿನ್ ಜೊತೆ ಹುಟ್ಟಿರ್ಬೇಕು," ಅಂದಳು ಅವಳು.

ಗೆದ್ದಲು ತಿಂದ ಮರ ತೆಗೆದು ತೇಗ ಹಾಕಿದ. ಬಾಗಿದ ಕಡೆಗೆ ಬಾಗಿದ ಕೊಂಬೆಯ ತುಂಡೇ ಬೇಕು ಅಂತ ಸಾಮಿಲ್ಲಿನಲ್ಲಿ ದಿನಗಟ್ಟಲೆ ಹುಡುಕಿ ತಂದ. ಇಂಗ್ಲೆಂಡಿನ ಮರ ಹೋಗಿ ದಾಂಡೇಲಿಯ ಮರ ನನ್ನ ಮೂಳೆಯಾಯಿತು. ಈಗ ನನ್ನ ಊರು ಯಾವುದು ಅಂತ ಯಾರಾದರೂ ಕೇಳಿದರೆ ನನಗೇ ಗೊಂದಲ.

ಇಷ್ಟು ದಿನವೂ ಮಾದಯ್ಯ ನನ್ನ ಹತ್ತಿರ ಸುಳಿಯಲಿಲ್ಲ. ಮುಖ ತೊಳೆಯಲು ಬಂದರೂ ನನಗೆ ಬೆನ್ನು ಹಾಕಿ ನಿಲ್ಲುತ್ತಿದ್ದ. ಆದರೆ ಕಿಟಕಿ ಮುಚ್ಚುತ್ತಿರಲಿಲ್ಲ. ಒಳಗೆ ಕುರ್ಚಿಯಲ್ಲಿ ಕೂತು ಸದ್ದು ಕೇಳುತ್ತಿದ್ದ. ಬೆರಳಿನಿಂದ ಹೋದದ್ದೆಲ್ಲ ಅವನ ಕಿವಿಗೆ ಬಂದು ಸೇರಿತ್ತು.

ನನ್ನ ಇಂಜಿನ್ನು ಮೊದಲ ಸಲ ಉಸಿರಾಡಿದ ದಿನ ಬೀದಿಯ ನಾಯಿಗಳೆಲ್ಲ ಬೊಗಳಿದವು. ನಾನು ಕೆಮ್ಮಿದೆ, ಹೊಗೆ ಉಗುಳಿದೆ, ನಿಂತೆ. ಮತ್ತೆ ಎದ್ದೆ. ನನಗೆ ಎರಡು ಕಾರ್ಬೊರೇಟರ್. ಎರಡೂ ಒಂದೇ ಅಳತೆಯಲ್ಲಿ ಗಾಳಿ ಎಳೆದರೆ ಮಾತ್ರ ನಾನು ನೆಟ್ಟಗೆ ಓಡುವುದು. ನಂಜುಂಡ ಒಂದು ರಬ್ಬರ್ ಕೊಳವೆಯ ತುದಿಯನ್ನು ಕಿವಿಗೆ ಸಿಕ್ಕಿಸಿಕೊಂಡು, ಇನ್ನೊಂದು ತುದಿಯನ್ನು ಒಮ್ಮೆ ಇದರ ಬಾಯಿಗೆ, ಒಮ್ಮೆ ಅದರ ಬಾಯಿಗೆ ಹಿಡಿದು ಗಾಳಿಯ ಸದ್ದು ಹೋಲಿಸಿದ. ತಿರುಪು ತಿರುಗಿಸಿದ. ಮತ್ತೆ ಕೇಳಿದ. ಹೊಂದಲಿಲ್ಲ. ಮಾರನೆಯ ದಿನವೂ ಹೊಂದಲಿಲ್ಲ. ಅವನು ಎಸೆಯಲು ಏನಾದರೂ ಸಿಗುತ್ತದೋ ಅಂತ ಸುತ್ತ ನೋಡಿದ. ಆಗ ಕಿಟಕಿಯ ಒಳಗಿನಿಂದ ದನಿ ಬಂತು. ಹೆಂಡತಿಗೆ ಹೇಳಿದ ಮಾತು ಅದು.

"ಒಂದು ಉಸಿರು ಮುಂದಕ್ಕೆ ಓಡ್ತೈತೆ, ಇನ್ನೊಂದು ಕಾಲೆಳ್ಕೊಂಡು ಬತ್ತೈತೆ. ಎರಡನ್ನೂ ಸಾಯಿಸಿ ಮೊದಲಿಂದ ಶುರು ಮಾಡು ಅನ್ನು ಆ ಕತ್ತೆಗೆ."

ಚಿಕ್ಕತಾಯಮ್ಮ ಸೆರಗಿಗೆ ಕೈ ಒರೆಸಿಕೊಂಡು ಸಂದಿಗೆ ಬಂದಳು. ಎರಡು ಮಾರು ದೂರದಲ್ಲಿದ್ದ ಮಗನಿಗೆ ಎಲ್ಲವೂ ಕೇಳಿಸಿತ್ತು. ಆದರೂ ಅವಳು ತನ್ನ ಕೆಲಸ ಮಾಡಿದಳು. "ಎರಡನ್ನೂ ಮುಚ್ಚಿ ಮೊದಲಿಂದ ಶುರು ಮಾಡ್ಬೇಕಂತೆ ಮಗ. ನಿಮ್ಮಪ್ಪ ಹೇಳ್ತಾವ್ರೆ." ಕತ್ತೆಯನ್ನು ದಾರಿಯಲ್ಲೇ ಬಿಟ್ಟು ಬಂದಿದ್ದಳು. ಆ ಮನೆಯಲ್ಲಿ ಅಪ್ಪನ ಮಾತು ಮಗನಿಗೆ, ಮಗನ ಮಾತು ಅಪ್ಪನಿಗೆ ಹೋಗುತ್ತಿದ್ದದ್ದು ಹಾಗೆ. ಅವಳ ಕೈ ದಾಟುವಾಗ ಪ್ರತಿ ಮಾತಿನ ಮುಳ್ಳೂ ಉದುರುತ್ತಿತ್ತು.

ನಂಜುಂಡ ಎರಡೂ ತಿರುಪುಗಳನ್ನು ಪೂರ್ತಿ ಮುಚ್ಚಿದ. ಒಂದೊಂದಾಗಿ, ಸಮವಾಗಿ ತೆರೆದ. ಸಂಜೆಯ ಹೊತ್ತಿಗೆ ನಾನು ಬೆಕ್ಕಿನ ಹಾಗೆ ಗುರುಗುಟ್ಟಿದೆ. ಅವನು ಕೊಳವೆಯನ್ನು ಕಿವಿಯಿಂದ ತೆಗೆದು ಕಿಟಕಿಯ ಕಡೆ ನೋಡಿದ. ಒಳಗೆ ಕುರ್ಚಿ ಕಿರುಗುಟ್ಟಿತು.

"ಹೂಂ. ಈಗ ಸರಿ," ಅಂತ ಹೆಂಡತಿಗೆ ಹೇಳಿದ ಮಾದಯ್ಯ.

ಈ ಮೂರು ಶಬ್ದಕ್ಕೆ ನಂಜುಂಡ ಅಂದು ಊಟ ಬಿಟ್ಟ. ಸಂದಿಯಲ್ಲೇ, ನನ್ನ ಫುಟ್‌ಬೋರ್ಡಿನ ಮೇಲೆ ಕೂತು ಬೀಡಿ ಹಚ್ಚಿ, ಅದನ್ನು ಸೇದುವುದನ್ನೂ ಮರೆತ. ಅಲ್ಲಿಯವರೆಗೂ ಅವನು ನನ್ನನ್ನು ಬೀದಿಯವರ ನಗುವಿಗೆ ಉತ್ತರವಾಗಿ ಕಟ್ಟುತ್ತಿದ್ದಾನೆ ಅಂದುಕೊಂಡಿದ್ದೆ. ಅಲ್ಲ. ನನ್ನ ಎರಡು ಸೀಟಿನಲ್ಲಿ ಒಂದು ಅವನದು. ಇನ್ನೊಂದು ಯಾರಿಗೆ ಅಂತ ನನಗೆ ಆಗ ಗೊತ್ತಾಯಿತು. ಎಡಗಡೆಯ ಸೀಟಿಗೆ ಅವನು ಹಾಕಿಸಿದ್ದ ಸ್ಪಂಜು ಬಲಗಡೆಯದಕ್ಕಿಂತ ದಪ್ಪ. ವರ್ಷಗಟ್ಟಲೆ ಬಸ್ಸು ಓಡಿಸಿ ಸೊಂಟ ನೋವಿರುವವರು ಕೂರುವ ಹಾಗೆ.

ವಾರ ಕಳೆದು ಚಿಕ್ಕತಾಯಮ್ಮ ಸುದ್ದಿ ತಂದಳು. ಅಪ್ಪ ಕೇಳ್ತಾವ್ರೆ, ಭಾನುವಾರ ಗಾಡಿ ತೆಗೀತೀಯಾ ಅಂತ. ತೆಗೀತೀನಿ ಅಂದ. ಬೆಟ್ಟದ ಪಾದದವರೆಗೆ ಹೋಗಿ ಬರೋದಾದ್ರೆ ತಾವೂ ಬತ್ತಾರಂತೆ, ಅಂದಳು. ಅವನು ಕೈಯಲ್ಲಿದ್ದ ಬಟ್ಟೆಯಿಂದ ನನ್ನ ದೀಪವನ್ನು ಒರೆಸಿದ. ಅದು ಆಗಲೇ ಹೊಳೆಯುತ್ತಿತ್ತು. ಮತ್ತೆ ಒರೆಸಿದ.

ಶನಿವಾರ ಸಂಜೆ ಕೊನೆಯ ಕೆಲಸ ಗಾಲಿಗಳದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನನ್ನ ಗಾಲಿಗೆ ಸುತ್ತಲೂ ನಟ್ಟುಗಳಿಲ್ಲ. ನಡುವೆ ಒಂದೇ ದೊಡ್ಡ ನಟ್ಟು, ಅದಕ್ಕೆ ಎರಡು ಕಿವಿ. ಆ ಕಿವಿಗೆ ಸುತ್ತಿಗೆಯಿಂದ ಬಡಿದು ಬಿಗಿಯಬೇಕು. ಕಬ್ಬಿಣದ ಸುತ್ತಿಗೆಯಾದರೆ ಗಾಯವಾಗುತ್ತೆ ಅಂತ ನಂಜುಂಡ ತಾಮ್ರದ ಸುತ್ತಿಗೆ ಮಾಡಿಕೊಂಡಿದ್ದ. ಎಡಗಡೆಯ ಗಾಲಿಗಳ ನಟ್ಟು ಬಲಕ್ಕೆ ತಿರುಗಿಸಿದರೆ ಬಿಗಿ. ಬಲಗಡೆಯ ಗಾಲಿಗಳದ್ದು ಎಡಕ್ಕೆ ತಿರುಗಿಸಿದರೆ ಬಿಗಿ. ಮುಂದಕ್ಕೆ ಓಡಿದಷ್ಟೂ ಗಾಲಿ ತನ್ನ ನಟ್ಟನ್ನು ತಾನೇ ಬಿಗಿದುಕೊಳ್ಳಲಿ ಅಂತ ಹಾಗೆ ಮಾಡಿದ್ದು. ಯಾವ ಕಡೆಗೆ ಅಂತ ಕಿವಿಯ ಮೇಲೆ ಒಂದು ಬಾಣದ ಗುರುತಿತ್ತು. ವರ್ಷಗಳ ಪೆಟ್ಟಿಗೆ ಅದು ಅಳಿಸಿಹೋಗಿತ್ತು. ನಂಜುಂಡನಿಗೆ ಗುರುತು ಬೇಕಿರಲಿಲ್ಲ. ನಾಲ್ಕನ್ನೂ ಬಿಗಿದ, ನಾಲ್ಕನ್ನೂ ಮತ್ತೆ ತಟ್ಟಿ ನೋಡಿದ.

ಭಾನುವಾರ ಬೆಳಗ್ಗೆ ಅವನು ಕ್ಯಾನ್ ಹಿಡಿದು ಪೆಟ್ರೋಲಿಗೆ ಹೋದ. ಆಗ ಮಾದಯ್ಯ ನನ್ನ ಹತ್ತಿರ ಬಂದ.

ಸ್ನಾನ ಮಾಡಿ, ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟಿದ್ದ. ಕೈಯಲ್ಲಿ ಮೊಳದುದ್ದದ ಒಂದು ಕಬ್ಬಿಣದ ರಾಡು. ಬಸ್ಸು ಹೊರಡುವ ಮೊದಲು ಗಾಲಿಗಳನ್ನು ತಟ್ಟಿ ನೋಡುತ್ತಿದ್ದ ರಾಡು ಅದು. ಸರ್ವೀಸಿನ ಒಂದು ಬೆಳಗ್ಗೆಯೂ ಅವನು ಅದನ್ನು ತಪ್ಪಿಸಿದವನಲ್ಲ. ನನ್ನನ್ನು ಒಂದು ಸುತ್ತು ಬಂದ. ಮೊದಲ ಸಲ ನನ್ನನ್ನು ನೆಟ್ಟಗೆ ನೋಡಿದ. ಬಾಗಿಲಿನ ಅಂಚಿನ ಮೇಲೆ ಅಂಗೈ ಇಟ್ಟು, ಅಂಗೈಗೆ ಏನೂ ತಿಳಿಯದೆ, ಬಗ್ಗಿ ಕೆನ್ನೆ ತಾಗಿಸಿದ. ಮಗ ಉಜ್ಜಿದ ತೇಗ, ಮಗ ಬಳಿದ ಬಣ್ಣ. ಅವನ ಉಸಿರು ನನ್ನ ಮೇಲೆ ಬಿತ್ತು. ಯಾರೂ ನೋಡುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು, "ಭಲೇ," ಅಂದ. ಇದನ್ನು ಕೇಳಿಸಿಕೊಂಡದ್ದು ನಾನೊಬ್ಬನೇ.

ಆಮೇಲೆ ಬಲಗಡೆಯ ಮುಂದಿನ ಗಾಲಿಯ ಎದುರು ಕುಕ್ಕರುಗಾಲಲ್ಲಿ ಕೂತ. ಬಸ್ಸಿನ ಗಾಲಿಗೂ ಎರಡು ಕಡೆ ಎರಡು ಬಗೆಯ ನಟ್ಟು. ಅದು ಅವನಿಗೆ ಚೆನ್ನಾಗಿ ಗೊತ್ತು. ಆದರೆ ಬಸ್ಸಿನ ಲೆಕ್ಕ ನನ್ನದರ ಉಲ್ಟಾ. ಅಲ್ಲಿ ಎಡಗಡೆಯದು ಎಡಕ್ಕೆ ಬಿಗಿ, ಬಲಗಡೆಯದು ಬಲಕ್ಕೆ ಬಿಗಿ. ಅವನು ರಾಡಿನಿಂದ ನಟ್ಟಿನ ಕಿವಿಗೆ ಬಲಕ್ಕೆ ತಿರುಗುವಂತೆ ಹೊಡೆದ. ನಟ್ಟು ಕದಲಿತು. ಕದಲಿದ್ದನ್ನು ಕಂಡು ಅವನ ಮುಖ ಬಿಗಿಯಿತು. ಸಡಿಲ ಬಿಟ್ಟಿದ್ದಾನೆ ಹುಡುಗ. ಮತ್ತೆ ಹೊಡೆದ. ಬೇರೆ ಯಾರಾದರೂ ಆಗಿದ್ದರೆ ಒಂದೆರಡು ಪೆಟ್ಟಿಗೆ ಕೈಗೆ ತಿಳಿದುಬಿಡುತ್ತಿತ್ತು, ಇದು ಕೂರುತ್ತಿಲ್ಲ, ಬಿಚ್ಚುತ್ತಿದೆ ಅಂತ. ಅವನ ಕೈ ಏನನ್ನೂ ಹೇಳಲಿಲ್ಲ. ನಟ್ಟು ಪೂರಾ ಒಂದು ಸುತ್ತು ತಿರುಗಿತು. ರಾಡು ಜಾರಿ ಬೆರಳ ಗೆಣ್ಣು ತರಚಿ ರಕ್ತ ಬಂತು. ಅದೂ ಅವನಿಗೆ ತಿಳಿಯಲಿಲ್ಲ.

ನಾನು ಕೂಗಬೇಕೆಂದರೆ ನನ್ನ ಹಾರ್ನಿಗೆ ಯಾರಾದರೂ ಕೈ ಇಡಬೇಕು. ಕೂಡಿಸಿದವರು ನನಗೆ ಎಲ್ಲ ಕೊಟ್ಟರು, ನಾಲಿಗೆ ಮಾತ್ರ ಕೊಡಲಿಲ್ಲ. ಎಡಗಡೆಯ ಗಾಲಿಗೆ ಹೋಗಲು ಅವನು ಮಂಡಿ ಹಿಡಿದು ಏಳುವಷ್ಟರಲ್ಲಿ ಅಡುಗೆಮನೆಯಿಂದ ಚಿಕ್ಕತಾಯಮ್ಮ ಕಾಫಿಗೆ ಕರೆದಳು. ರಾಡನ್ನು ಗೋಡೆಗೆ ಒರಗಿಸಿ ಒಳಗೆ ಹೋದ. ಅವನ ಮುಖದಲ್ಲಿ ನೆಮ್ಮದಿಯಿತ್ತು. ಮಗನ ಗಾಡಿಗೆ ತನ್ನ ಪಾಲಿನ ಕೆಲಸ ಮಾಡಿದವನ ನೆಮ್ಮದಿ.

ಅವನು ಮತ್ತೆ ಹೊರಬರುವ ಹೊತ್ತಿಗೆ ನಂಜುಂಡ ಪೆಟ್ರೋಲು ತುಂಬಿ ಇಂಜಿನ್ನು ಶುರು ಮಾಡಿದ್ದ. ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತರು. ಫಾರೂಕ್ ಸಾಬರು ಜಗಲಿಯಿಂದ ಇಳಿದು, ಮಾದಯ್ಯಣ್ಣಾ, ಟಿಕೆಟ್ ತಗೊಂಡ್ರಾ, ಅಂತ ಕೇಳಿದರು. ಪಾಸ್ ಐತೆ ಅಂದ ಮಾದಯ್ಯ. ನನ್ನ ಸೀಟು ತೀರಾ ತಗ್ಗಿನಲ್ಲಿದೆ. ಊಟಿಯ ಘಾಟಿಯನ್ನು ಮೇಲಿನಿಂದ ನೋಡಿದವನು ನೆಲಕ್ಕೆ ಅಂಟಿಕೊಂಡು ಕೂರಲು ಒದ್ದಾಡಿದ. ನಂಜುಂಡ ತೋಳು ಚಾಚಿದ. ಅಪ್ಪ ಅದನ್ನು ಹಿಡಿದುಕೊಂಡೇ ಕೂತ. ಚಿಕ್ಕತಾಯಮ್ಮ ಬಾಗಿಲಲ್ಲಿ ನಿಂತು ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು.

ನಮ್ಮ ಸಂದಿಗೆ ಆ ಕಡೆ ದಾರಿಯಿಲ್ಲ. ಬೀದಿಯೂ ತಿರುಗಿಸಲಾಗದಷ್ಟು ಕಿರಿದು. ಮುಖ್ಯರಸ್ತೆಯವರೆಗೆ ಹಿಂದಕ್ಕೇ ಹೋಗಬೇಕು. ನಂಜುಂಡ ಕತ್ತು ತಿರುಗಿಸಿ, ಒಂದು ಕೈಯನ್ನು ಅಪ್ಪನ ಸೀಟಿನ ಹಿಂದೆ ಇಟ್ಟು ನಿಧಾನವಾಗಿ ತೆಗೆದ. ಎರಡು ಉಸಿರೂ ಒಂದೇ ಅಳತೆಯಲ್ಲಿದ್ದವು. ಮಾದಯ್ಯ ಕಣ್ಣು ಮುಚ್ಚಿ ಕೇಳುತ್ತಿದ್ದ. ಆದರೆ ಹಿಂದಕ್ಕೆ ಹೋದಷ್ಟೂ ಸಡಿಲವಾದ ನಟ್ಟು ಬಿಚ್ಚಿಕೊಳ್ಳುತ್ತಲೇ ಹೋಗುತ್ತೆ. ಮುಂದಕ್ಕೆ ಹೋಗಿದ್ದರೆ ಅದು ತಾನಾಗಿ ಬಿಗಿದುಕೊಳ್ಳುತ್ತಿತ್ತೇನೋ. ಮಸೀದಿ ದಾಟಿ, ಹಿಟ್ಟಿನ ಗಿರಣಿ ದಾಟಿ, ಮುಖ್ಯರಸ್ತೆಯ ಅಂಚು ತಲುಪಿ ಅವನು ಸ್ಟೇರಿಂಗನ್ನು ಪೂರ್ತಿ ತಿರುಗಿಸಿದ. ನಟ್ಟು ಕಳಚಿ ಟಣ್ಣನೆ ಬಿತ್ತು. ಗಾಲಿ ನನ್ನಿಂದ ಬೇರೆಯಾಗಿ, ತನಗೇ ಬೇರೆ ಊರಿದೆ ಎಂಬಂತೆ ಉರುಳಿ ಮೋರಿಗೆ ಬಿತ್ತು. ನನ್ನ ಬಲಮೂಲೆ ನೆಲಕ್ಕೆ ಕುಸಿಯಿತು. ಮಾದಯ್ಯನ ಹಣೆ ಗಾಜಿನ ಚೌಕಟ್ಟಿಗೆ ತಾಗಿತು. ಗಾಯವಾಗಲಿಲ್ಲ.

ಬೀದಿ ಪೂರ್ತಿ ಓಡಿ ಬಂತು. ಸಾಬರು ಮಾದಯ್ಯನನ್ನು ಎತ್ತಿ ನಿಲ್ಲಿಸಿದರು. ಯಾರೋ ನಕ್ಕರು, ಯಾರೋ ಸುಮ್ಮನಿರಿಸಿದರು. ನಂಜುಂಡ ಅಪ್ಪನ ಮೈ ಸವರಿ ನೋಡಿ, ಆಮೇಲೆ ಮೋರಿಯಿಂದ ಗಾಲಿ ತಂದು, ನಟ್ಟು ಹುಡುಕಿ ಎತ್ತಿಕೊಂಡ. ಅದರ ಕಿವಿಯನ್ನು ಹೆಬ್ಬೆರಳಿನಿಂದ ಒರೆಸಿದ. ತಾಮ್ರ ಯಾವತ್ತೂ ಮಾಡದ ಹಸಿ ಗಾಯಗಳು ಅಲ್ಲಿದ್ದವು.

"ಬಿಗಿ ಮಾಡಿರ್ಲಿಲ್ವೇನಪ್ಪಾ?" ಅಂತ ಸಾಬರು ಮೆತ್ತಗೆ ಕೇಳಿದರು.

ಅವನು ಬಾಯಿ ತೆರೆಯುವ ಮೊದಲೇ ಮಾದಯ್ಯ ಮಾತಾಡಿದ.

"ಎಲ್ಲಿ ಮಾಡ್ತಾನೆ ಸಾಬ್ರೆ? ಬೆಳಗ್ಗೆ ನಾನು ನೋಡ್ದಾಗ್ಲೇ ಸಡಿಲ ಇತ್ತು. ನಾನೇ ರಾಡ್ ತಗೊಂಡು ಬಲಕ್ಕೆ ಹೊಡ್ದು ಕೂರಿಸ್ದೆ. ಅಷ್ಟ್ ಮಾಡಿದ್ರೂ ಬಿಚ್ಕೊಂಡೈತೆ ಅಂದ್ರೆ, ಇವನು ಒಳಗೆ ಏನ್ ಮಾಡಿಟ್ಟವ್ನೋ ದೇವ್ರೇ ಬಲ್ಲ."

ನಂಜುಂಡ ತಲೆ ಎತ್ತಿದ. ಬಲಕ್ಕೆ. ಈಗ ಅವನಿಗೂ ಗೊತ್ತಾಯಿತು. ನಾನು ಕಾದೆ. ಇದಕ್ಕಿಂತ ಸಣ್ಣ ಮಾತಿಗೆ ಇವನು ಸ್ಪ್ಯಾನರ್ ಎಸೆದು ಎದ್ದು ಬಂದವನು. ಇದರದ್ದು ಉಲ್ಟಾ ಕಣಪ್ಪ ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು. ಬೀದಿಯ ಕಣ್ಣುಗಳೆಲ್ಲ ಮಗನ ಮೇಲಿಂದ ಎದ್ದು ಅಪ್ಪನ ಮೇಲೆ ಹೋಗಿ ಕೂರುತ್ತಿದ್ದವು. ನನಗೂ ಅದೇ ಬೇಕಾಗಿತ್ತು. ನನ್ನ ತುಕ್ಕನ್ನು ತನ್ನ ಉಗುರಿನಲ್ಲಿ ಕೆರೆದವನು ಅವನು. ನ್ಯಾಯ ಅವನ ಕಡೆಗಿತ್ತು.

ಅವನು ಅಪ್ಪನನ್ನು ನೋಡಿದ. ಬಿಳಿ ಅಂಗಿಯ ತೋಳಿಗೆ ರಕ್ತ ಹತ್ತಿತ್ತು. ತರಚಿದ ಗೆಣ್ಣಿನಲ್ಲಿ ಅದು ಒಣಗಿ ಕಪ್ಪಾಗಿತ್ತು, ಬೆಳಗಿನದು. ಮಾದಯ್ಯ ಅದೇ ಕೈಯನ್ನು ನನ್ನ ಬಾನೆಟ್ಟಿನ ಮೇಲೆ ಊರಿ ನಿಂತಿದ್ದ. ಬಾನೆಟ್ಟು ಕಾದು ಸುಡುತ್ತಿತ್ತು. ಅವನು ಕೈ ತೆಗೆಯಲಿಲ್ಲ. ಮಗನ ಕಣ್ಣು ಆ ಕೈಯ ಮೇಲೇ ನಿಂತಿತು.

ನಂಜುಂಡ ಹತ್ತಿರ ಬಂದು ಅಪ್ಪನ ಮಣಿಕಟ್ಟು ಹಿಡಿದು, ಅಂಗೈಯನ್ನು ಬಿಸಿ ತಗಡಿನಿಂದ ಎತ್ತಿ ಪಕ್ಕಕ್ಕೆ ಬಿಟ್ಟ.

"ಕೇಳ್ತಾ ಇಲ್ವಾ? ಬಿಗಿ ಮಾಡಿದ್ಯೋ ಇಲ್ವೋ, ನೀನೇ ಹೇಳು ಎಲ್ಲರ ಮುಂದೆ," ಅಂದ ಮಾದಯ್ಯ. ಎಷ್ಟೋ ವರ್ಷಗಳ ಮೇಲೆ ಮಗನಿಗೆ ನೇರವಾಗಿ ಆಡಿದ ಮೊದಲ ಮಾತು.

ನಂಜುಂಡ ನಟ್ಟನ್ನು, ಅದರ ಗಾಯ ಯಾರ ಕಣ್ಣಿಗೂ ಬೀಳದಂತೆ, ಅಂಗಿಯ ಜೇಬಿಗೆ ಹಾಕಿಕೊಂಡ. ಗುಂಪು ಸರಿದು ದಾರಿ ಬಿಟ್ಟಿತು. ಅವನು ತಿರುಗಿ ನೋಡದೆ, ಗಿರಣಿಯ ಪಕ್ಕದಿಂದ ಮನೆಯ ಕಡೆ ನಡೆದು ಹೋದ.